ನಮ್ಮ ಭಾವನ ಗಾಜಿನ ಪೆಟ್ಟಿಗೆಗಳು

ಯಲ್ದೂರಿನ ಶ್ರೀನಿವಾಸಪ್ಪ ನನ್ನ ಅಕ್ಕನ ಗಂಡ. ಎದುರಿಗೆ ಸಿಕ್ಕಾಗ ಬಹುವಚನ ಕೊಟ್ಟೇ ಮಾತಾಡಿಸುತ್ತೇನೆ, ಅಕ್ಕನ ಮುಖ ನೋಡಿಕೊಂಡು. ಬರೆಯುವಾಗ ಆ ಕಷ್ಟ ಯಾಕೆ? ಇಲ್ಲಿ ಏಕವಚನ ಸಾಕು, ಅದೂ ಅವನಿಗೆ ಹೆಚ್ಚೇ.

ಊರಿನಲ್ಲಿ ಅವನನ್ನು ಕೆಟ್ಟವನು ಅನ್ನುವವರು ಯಾರೂ ಇಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಶನಿವಾರ ತಪ್ಪದೆ ಗುಡಿಗೆ ಹೋಗುತ್ತಾನೆ. ಒಳ್ಳೆಯವನು ಅನ್ನಿಸಿಕೊಳ್ಳಲು ನಮ್ಮ ಕಡೆ ಇಷ್ಟಿದ್ದರೆ ಆಯಿತು. ಮಾವಿನ ತೋಟವಿದೆ. ಬಾದಾಮಿ, ಬೇನಿಷಾ, ತೋತಾಪುರಿ ಎಲ್ಲ ಬೆಳೆಯುತ್ತಾನೆ. ಸುಗ್ಗಿ ಬಂತೆಂದರೆ ಕಾಯಿ ಕೀಳುವುದು, ಹೊರುವುದು ಆಳುಗಳ ಪಾಲು. ಕ್ರೇಟು ತುಂಬುವ ಕೆಲಸ ಮಾತ್ರ ಅವನದೇ. ಶೆಡ್ಡಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಪೂಜೆಗೆ ಕೂತ ಹಾಗೆ ಇರುತ್ತದೆ ಅವನ ಗಾಂಭೀರ್ಯ. ಒಳ್ಳೆಯ ಕಾಯಿ ಒಂದು ಕಡೆ. ಗಾಳಿಗೆ ಬಿದ್ದು ಪೆಟ್ಟಾದದ್ದು, ಆಲಿಕಲ್ಲಿನ ಏಟು ತಿಂದದ್ದು, ಹುಳ ಚುಚ್ಚಿದ್ದು ಇನ್ನೊಂದು ಕಡೆ.

ಒಳ್ಳೆಯ ಕಾಯಿಯ ಕ್ರೇಟಿನಲ್ಲಿ ಮೋಸ ಇಲ್ಲ, ಅದನ್ನು ಒಪ್ಪಬೇಕು. ತಳದಿಂದ ಮೇಲಿನವರೆಗೂ ಒಂದೇ ಸಮ. ಕೆಟ್ಟ ಕಾಯಿಯ ಕ್ರೇಟಿನಲ್ಲಿಯೇ ಅವನ ವಿದ್ಯೆ ಇರುವುದು. ಪೆಟ್ಟಾದವೆಲ್ಲ ತಳಕ್ಕೆ, ಅದರ ಮೇಲೆ ಸಣ್ಣವು, ಕಟ್ಟಕಡೆಗೆ ಮೇಲಿನ ಒಂದೇ ಒಂದು ಸಾಲಿಗೆ ಕೆನ್ನೆ ಕೆಂಪಾದ ದಪ್ಪ ಕಾಯಿ. ಎರಡೂ ಥರದ ಕ್ರೇಟು ಒಂದೇ ಗಾಡಿಯಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗುತ್ತವೆ. ಅಲ್ಲಿ ಹರಾಜು ಕೂಗುವುದು ಬೆಳೆದವರ ಹೆಸರಿನಲ್ಲಿ. ಗಾಡಿ ಇಳಿಸುವಾಗ ಹೆಸರು ಹೇಳಬೇಕು. ಒಳ್ಳೆಯದನ್ನು ಇಳಿಸುವಾಗ ಅವನು 'ಶ್ರೀನಿವಾಸಪ್ಪ' ಅನ್ನುತ್ತಾನೆ. ಕೆಟ್ಟದ್ದನ್ನು ಇಳಿಸುವಾಗ 'ಆಂಜಿನಮ್ಮ' ಅನ್ನುತ್ತಾನೆ.

ಆಂಜಿನಮ್ಮ ನನ್ನ ಅಕ್ಕ. ಮಂಡಿಯ ಗೇಟು ದಾಟಿದವಳಲ್ಲ. ಆದರೆ ಅವಳ ಹೆಸರು ಗೊತ್ತಿಲ್ಲದವರು ಅಲ್ಲಿ ಯಾರೂ ಇಲ್ಲ. ಹೊಸದಾಗಿ ಬಂದ ವ್ಯಾಪಾರಿ ಮೇಲಿನ ಸಾಲು ನೋಡಿ ಬೆಲೆ ಕೂಗಿದರೆ ಪಕ್ಕದವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಾರೆ. ಈಗ ಕೊಳೆತ ಕಾಯಿ ಯಾರದ್ದೇ ಇರಲಿ, ಅದು 'ಆಂಜಿನಮ್ಮನ ಲಾಟು'. ದಾರಿಯಲ್ಲಿ ಕೆಟ್ಟು ನಿಂತ ಟೆಂಪೋಗೂ ಅದೇ ಹೆಸರು, ಹುಡುಗಿ ಕಡೆಯವರು ಬೇಡ ಅಂದ ಗಂಡಿಗೂ ಅದೇ ಹೆಸರು. ಒಂದು ಮದುವೆಯಲ್ಲಿ ಮಂಡಿಯವರ ಮನೆಯ ಹೆಂಗಸೊಬ್ಬಳು ಅಕ್ಕನ ಹೆಸರು ಕೇಳಿ, ತಡೆಯಲಾರದೆ ನಕ್ಕು, ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡೇ ಒಳಗೆ ಓಡಿಹೋದಳು. ಅಕ್ಕನಿಗೆ ಎಲ್ಲ ತಿಳಿದದ್ದು ಆವತ್ತು. ಊಟಕ್ಕೂ ಕೂರದೆ ಎದ್ದು ಬಂದಳು.

ಆಗ ನಾನು ಭಾವನನ್ನು ಕೇಳಿದೆ. ಅವನು ಹಲ್ಲಿಗೆ ಸಿಕ್ಕ ಅಡಿಕೆ ಚೂರನ್ನು ನಾಲಿಗೆಯಲ್ಲಿ ತಡಕುತ್ತ ಹೇಳಿದ:

"ಹೆಸರು ಅಂದ್ರೆ ಏನೋ ಶಿವು, ಕೂಗಕ್ಕೆ ಒಂದು ಗುರುತು, ಅಷ್ಟೇ. ತೋಟ ಅವಳದ್ದೂ ಅಲ್ವಾ? ಅವಳ ಹೆಸರಲ್ಲೂ ನಾಲ್ಕು ಕ್ರೇಟು ಹೋಗ್ಲಿ ಬಿಡು."

ಅವನಿಗೆ ನಿಜವಾಗಿಯೂ ಅದು ತಿಳಿಯುವುದಿಲ್ಲವೇನೋ ಅಂತ ನಾನೂ ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳು. 'ಅವರಿಗೆ ಅಷ್ಟೆಲ್ಲ ಹೊಳೆಯಲ್ಲ ಕಣೋ, ಬಿಡು' ಅಂದಳು. ದಡ್ಡ ಅಂದುಕೊಂಡರೆ ಗಂಡನ ಜೊತೆ ಬಾಳಬಹುದು. ಅವಳು ಹಾಗೆಯೇ ಬಾಳುತ್ತಿದ್ದಳು.

ಅವರ ಮಗಳು ರಂಜಿತ. ಕೋಲಾರದಲ್ಲಿ ಬಿ.ಕಾಂ. ಮುಗಿಸಿದ್ದಾಳೆ, ಕಂಪ್ಯೂಟರ್ ಆಟದ ಹುಚ್ಚು. ಕಾಲೇಜಿನ ಹತ್ತಿರದ ಗೇಮಿಂಗ್ ಸೆಂಟರಿನಲ್ಲಿ ಹುಡುಗರ ನಡುವೆ ಕೂತು ಆಡಿ, ಅವರಿಂದ ಬೈಸಿಕೊಂಡು, ಅವರನ್ನೇ ಸೋಲಿಸಿ ಬಂದವಳು. ಓದು ಮುಗಿದ ಮೇಲೆ ಮನೆಯಲ್ಲೇ ಒಂದು ಕಂಪ್ಯೂಟರ್ ಬೇಕು ಅಂದಳು. ಒಬ್ಬಳೇ ಮಗಳು, ಆ ವರ್ಷ ಬಾದಾಮಿಗೆ ಒಳ್ಳೆಯ ರೇಟೂ ಸಿಕ್ಕಿತ್ತು, ಭಾವ ಹೂಂ ಅಂದ. ಮಗಳ ಜೊತೆಗೆ ಮುಳಬಾಗಿಲಿನಲ್ಲಿರುವ ನನ್ನನ್ನೂ ಹೊರಡಿಸಿಕೊಂಡು ಬೆಂಗಳೂರಿಗೆ ಹೋದ.

ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ರೆಡಿಮೇಡ್ ಕಂಪ್ಯೂಟರುಗಳು. ಪಕ್ಕಕ್ಕೆ ಗಾಜು, ಒಳಗೆ ಬಣ್ಣಬಣ್ಣದ ದೀಪ, ದೀಪದ ಬೆಳಕಿನಲ್ಲಿ ತಿರುಗುವ ಫ್ಯಾನು. ಅಪ್ಪಂದಿರು ಬೆಲೆ ಕೇಳುತ್ತಿದ್ದರು, ಮಕ್ಕಳು ದೀಪ ನೋಡುತ್ತಿದ್ದರು. ಒಳಗೆ ಏನಿದೆ ಅಂತ ಕೇಳಿದ ಒಬ್ಬನೂ ಅಲ್ಲಿರಲಿಲ್ಲ. ನಮ್ಮ ಭಾವ ಕೇಳಿದ.

"ಇದನ್ನ ಒಂದ್ಸಲ ತಲೆಕೆಳಗು ಮಾಡಮ್ಮ."

ಅಂಗಡಿಯ ಹುಡುಗಿಗೆ ಅರ್ಥವಾಗಲಿಲ್ಲ. "ಸರ್, ಇದು ಕಂಪ್ಯೂಟರ್," ಅಂದಳು.

"ಗೊತ್ತಮ್ಮ. ತಳ ನೋಡ್ಬೇಕು."

"ಸೀಲ್ ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಸರ್."

ಭಾವ ನನ್ನ ಕಡೆ ತಿರುಗಿ, ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ: "ನೋಡಿದ್ಯೇನೋ. ತಳ ನೋಡಕ್ಕೆ ಬಿಡಲ್ಲ ಅಂದ್ರೆ ತಳದಲ್ಲಿ ಏನೋ ಐತೆ. ನಾವು ಮಾಡೋದೂ ಅದೇ ತಾನೆ."

ನಾಚಿಕೆ ಅನ್ನುವುದು ಅವನ ಹತ್ತಿರ ಸುಳಿದಿದ್ದರೆ ಆ ಕೊನೆಯ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಜೀವಮಾನವೆಲ್ಲ ತಳದಲ್ಲಿ ಕೊಳೆತದ್ದು ತುಂಬಿದವನಿಗೆ ಜಗತ್ತಿನ ಎಲ್ಲ ಪೆಟ್ಟಿಗೆಯ ತಳವೂ ಹಾಗೇ ಕಾಣುತ್ತದೆ. ರಂಜಿತ ಅವನಿಗಿಂತ ನ್ಯಾಯವಾಗಿ ಮಾತಾಡಿದಳು.

"ರೆಡಿಮೇಡ್ ಎಲ್ಲಾ ಕೆಟ್ಟದ್ದಲ್ಲಪ್ಪ. ಸ್ಕ್ರೂಡ್ರೈವರ್ ಹಿಡಿಯಕ್ಕೆ ಬರದೋರಿಗೆ ಅದೇ ವಾಸಿ. ಕೆಟ್ರೆ ಒಂದೇ ಅಂಗಡಿಗೆ ಹೋಗಿ ಜಗಳ ಆಡಬಹುದು. ಆದ್ರೆ ನಾನು ಬಿಡಿ ಸಾಮಾನು ತಗೊಂಡು ನನ್ನ ಕೈಯಲ್ಲೇ ಜೋಡಿಸ್ತೀನಿ. ಎಲ್ಲಿ ಏನಿದೆ ಅಂತ ನನಗೆ ಗೊತ್ತಿರಬೇಕು."

ಬಿಡಿ ಸಾಮಾನು ತಂದೆವು. ಮಾವಿನ ಶೆಡ್ಡು ಆಗ ಖಾಲಿ ಇತ್ತು. ಅಲ್ಲಿನ ಉದ್ದ ಮೇಜು ಒರೆಸಿ, ಮೇಲೆ ರಟ್ಟು ಹಾಸಿ ಅವಳು ಕೂತಳು. ಪ್ರತಿಯೊಂದು ಸಾಮಾನು ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಿದ್ದಳು. ಅಕ್ಕ ಅದನ್ನು ನಮಸ್ಕಾರ ಅಂದುಕೊಂಡು ತಾನೂ ಒಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. 'ಅದು ಮೈಯಲ್ಲಿರೋ ಕರೆಂಟ್ ಇಳಿಸೋದಕ್ಕೆ ಕಣಮ್ಮ' ಅಂತ ರಂಜಿತ ನಕ್ಕಳು. ಪ್ರೊಸೆಸರನ್ನು ಅದರ ಗೂಡಿನಲ್ಲಿ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದಳು. ಪೇಸ್ಟು ಹಚ್ಚಿ, ಮೇಲೆ ಫ್ಯಾನು ಬಿಗಿದು, ವೈರುಗಳನ್ನು ಜಡೆ ಹೆಣೆದ ಹಾಗೆ ಹಿಂದಕ್ಕೆ ಕಟ್ಟಿದಳು. ಕಡೆಗೆ ಬಟನ್ ಒತ್ತಿದಾಗ ಪರದೆ ಬೆಳಗಿತು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊಟ್ಟೆ ತುಂಬಿದ ಹಾಗಾಯಿತು ನನಗೂ.

ಭಾವನೂ ನೋಡುತ್ತಿದ್ದ, ಆದರೆ ಬೇರೆ ಏನನ್ನೋ. ಕ್ಯಾಬಿನೆಟ್ಟಿನ ಕೆಳಭಾಗದಲ್ಲಿ ಗಾಜಿನಿಂದಲೂ ಕಾಣದ ಹಾಗೆ ತಗಡು ಮುಚ್ಚಿದ ಒಂದು ಗೂಡಿರುತ್ತದೆ. ಅದರ ಮೇಲೆ ಬೆರಳಿನಿಂದ ತಟ್ಟಿದ.

"ಇದರ ಹಿಂದೆ ಏನಮ್ಮ?"

"ಎಸ್‌ಎಂಪಿಎಸ್ ಅಪ್ಪ. ಗೋಡೆಯಿಂದ ಬರೋ ಕರೆಂಟನ್ನ ಹದ ಮಾಡಿ ಎಲ್ಲದಕ್ಕೂ ಹಂಚೋದು ಅದೇ. ಅದು ಸರಿ ಇಲ್ಲ ಅಂದ್ರೆ ತಾನೂ ಸುಟ್ಟು ಮಿಕ್ಕಿದ್ದನ್ನೂ ಸುಡುತ್ತೆ. ನಮ್ಮ ಕಡೆ ಮೋಟ್ರು ಆನ್ ಮಾಡಿದಾಗೆಲ್ಲ ವೋಲ್ಟೇಜ್ ಕುಣಿಯುತ್ತಲ್ಲ, ಅದಕ್ಕೆ ಒಳ್ಳೇದೇ ಹಾಕ್ಬೇಕು."

"ಹೊರಗಡೆಯಿಂದ ಯಾರಿಗೂ ಕಾಣಲ್ವಾ?"

"ಇಲ್ಲ."

"ಹೂಂ," ಅಂದ. ಆ ಹೂಂ ನನಗೆ ಆಗಲೇ ಇಷ್ಟವಾಗಲಿಲ್ಲ.

ಅವಳು ಜೋಡಿಸಿದ್ದನ್ನು ನೋಡಿ ಊರಿನ ಒಬ್ಬಿಬ್ಬರು ತಮಗೂ ಮಾಡಿಕೊಡು ಅಂದರು. ಬಿಡಿ ಸಾಮಾನು ತಂದುಕೊಂಡು ಕೂತು ಕಲಿಯಿರಿ, ನಾನು ಹೇಳಿಕೊಡುತ್ತೇನೆ ಅಂದರೆ ಯಾರಿಗೂ ಬೇಡ. ಅವರಿಗೆ ಬೇಕಾದದ್ದು ಸ್ವಿಚ್ ಹಾಕಿದರೆ ದೀಪ ಉರಿಯುವ ಪೆಟ್ಟಿಗೆ. ದೀಪ ಎಷ್ಟು ಬಣ್ಣದ್ದು ಅಂತ ಕೇಳುತ್ತಿದ್ದರು. ಅವಳು ಬೇಸರಪಡದೆ ಒಳ್ಳೆಯದನ್ನೇ ಹಾಕಿ ಮಾಡಿಕೊಟ್ಟಳು, ಕೊಡುವಾಗ ತಳದ ತಗಡು ಬಿಚ್ಚಿ ತೋರಿಸಿದಳು. ಅವರು ಅತ್ತ ನೋಡಲೂ ಇಲ್ಲ. ಭಾವ ಮಾತ್ರ ಪಕ್ಕದಲ್ಲೇ ನಿಂತು, ಅವರು ನೋಡದೇ ಇದ್ದದ್ದನ್ನು ನೋಡಿಕೊಂಡ.

ಆಮೇಲೆ ಅವನ ಉತ್ಸಾಹ ಹೇಳತೀರದು. ಶೆಡ್ಡಿನ ಅರ್ಧಕ್ಕೆ ಗೋಡೆ ಎಬ್ಬಿಸಿ ಸುಣ್ಣ ಹೊಡೆಸಿದ. 'ರಂಜಿತ ಗೇಮಿಂಗ್ ಕಂಪ್ಯೂಟರ್ಸ್' ಅಂತ ಬೋರ್ಡು ಬರೆಸಿದ. ಮಗಳು ಖುಷಿಯಾದಳು. ಅಪ್ಪ ತನ್ನ ಕೆಲಸವನ್ನು ಮೆಚ್ಚಿದ ಅಂದುಕೊಂಡಳು, ಪಾಪ. ನಂಗಲಿಯಿಂದ ಮೊದಲ ದೊಡ್ಡ ಗಿರಾಕಿಯನ್ನೂ ಅವನೇ ಹಿಡಿದು ತಂದ. ಗಿರಾಕಿಯ ಹೆಸರು ಚಂದ್ರು, ಎರಡು ಲಾರಿ ಇಟ್ಟುಕೊಂಡು ಮಂಡಿಯಿಂದ ಮದ್ರಾಸಿಗೆ ಹಣ್ಣು ಸಾಗಿಸುವವನು. ಕಾಲೇಜು ಸೇರಿದ ಮಗಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕಂತೆ. ಇದು ಸರಿಹೋದರೆ ಹೆದ್ದಾರಿಯ ಉದ್ದಕ್ಕೂ ಇರುವ ಲಾರಿ ಮಾಲೀಕರೆಲ್ಲ ಸಾಲುಗಟ್ಟಿ ಬರುತ್ತಾರೆ ಅನ್ನುವುದು ಭಾವನ ಲೆಕ್ಕ.

ಒಂದು ಸಂಜೆ ರಂಜಿತ ನನಗೆ ಫೋನು ಮಾಡಿದಳು. ದನಿ ಕುಗ್ಗಿತ್ತು.

"ಮಾವ, ಅಪ್ಪ ಎಲ್ಲಿಂದಲೋ ಒಂದು ಮೂಟೆ ಎಸ್‌ಎಂಪಿಎಸ್ ತಂದಿದ್ದಾರೆ. ಕೈಗೆತ್ತಿಕೊಂಡ್ರೆ ಭಾರಾನೇ ಇಲ್ಲ. ಒಂದನ್ನ ಬಿಚ್ಚಿದೆ. ಒಳಗೆ ತೂಕ ಬರ್ಲಿ ಅಂತ ಕಬ್ಬಿಣದ ತುಂಡು ಅಂಟಿಸಿದ್ದಾರೆ, ಆದ್ರೂ ಭಾರ ಇಲ್ಲ. ಇನ್ಮೇಲೆ ಎಲ್ಲದಕ್ಕೂ ಇದನ್ನೇ ಹಾಕು ಅಂತಾರೆ. ಮೇಲೆ ಗ್ರಾಫಿಕ್ಸ್ ಕಾರ್ಡು ಒಳ್ಳೇದೇ ಕಾಣಿಸ್ತದಲ್ಲ, ತಳ ಯಾರು ನೋಡ್ತಾರೆ ಅಂತಾರೆ."

"ಆಗಲ್ಲ ಅನ್ನು."

"ಅಂದೆ. ಕೇಳಲ್ಲ. ಮಾವ, ಬೋರ್ಡ್ ಮೇಲೆ ಬರೆಸಿರೋದು ನನ್ನ ಹೆಸರು. ಅಮ್ಮನ ಹೆಸರು ಏನಾಯ್ತು ಅಂತ ನಿಮಗೆ ಗೊತ್ತಲ್ಲ. ನನಗೆ ಭಯ ಆಗ್ತಿದೆ. ಚಂದ್ರು ನಾಳೆ ಬಂದು ತಗೊಂಡು ಹೋಗ್ತಾರೆ. ಬೆಳಿಗ್ಗೆನೇ ಬಂದುಬಿಡಿ."

ಮೈ ಉರಿದುಹೋಯಿತು. ಹೆಂಡತಿಯ ಹೆಸರನ್ನು ಮಂಡಿಯ ಕಸಕ್ಕೆ ಎಸೆದದ್ದು ಸಾಲದೆ ಈಗ ಮಗಳದ್ದಕ್ಕೆ ಕೈ ಹಾಕಿದ್ದಾನೆ. ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವನಿಗೆ ಅನ್ನಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಅಂದು ಮುಗಿಸಿದೆ. ಆದರೆ ಅಲ್ಲಿ ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ.

ಶೆಡ್ಡಿನ ಹೊರಗೆ ಬೋರ್ಡು ಗೋಡೆಗೆ ಒರಗಿತ್ತು, ಇನ್ನೂ ಏರಿಸಿರಲಿಲ್ಲ. ಒಳಗೆ ಮೇಜಿನ ಮೇಲೆ ಚಂದ್ರುವಿನ ಕಂಪ್ಯೂಟರ್. ಪಕ್ಕದಲ್ಲಿ ರಂಜಿತಳದ್ದು. ಅಕ್ಕ ಬಾಗಿಲ ಹತ್ತಿರ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಭಾವ ಬಿಳಿ ಅಂಗಿ ತೊಟ್ಟು ಸಿದ್ಧನಾಗಿ ನಿಂತಿದ್ದ.

"ಬಾ ಶಿವು. ಒಳ್ಳೇ ಹೊತ್ತಿಗೆ ಬಂದೆ. ನಿನ್ನ ಸೊಸೆಗೆ ಬುದ್ಧಿ ಹೇಳು."

"ಯಾರೂ ಏನೂ ಹೇಳೋದು ಬೇಡ," ಅಂದಳು ರಂಜಿತ. "ಅಪ್ಪ ಹೇಳಿದ್ದನ್ನೇ ಹಾಕ್ತಿದ್ದೀನಿ."

ಅವಳು ನಿಜವಾಗಿಯೂ ಆ ಟೊಳ್ಳು ಡಬ್ಬಿಯನ್ನು ತಳದ ಗೂಡಿನಲ್ಲಿ ಕೂರಿಸಿ, ಸ್ಕ್ರೂ ಬಿಗಿದು, ವೈರು ಚುಚ್ಚಿ, ತಗಡು ಮುಚ್ಚಿದಳು. ಸ್ವಿಚ್ ಹಾಕಿದಳು. ದೀಪಗಳು ಹಸಿರು, ನೇರಳೆ ಅಂತ ಓಡಾಡತೊಡಗಿದವು. ಭಾವನ ಮುಖ ಅರಳಿತು. ಆಮೇಲೆ ಅವಳು ಡ್ರಾಯರಿನಿಂದ ಒಂದು ಸ್ಟಿಕರ್ ತೆಗೆದು, ಹಿಂದಿನ ಕಾಗದ ಸುಲಿದು, ಗಾಜಿನ ಮೇಲೆ ಅಂಟಿಸಿ ಅಂಗೈಯಲ್ಲಿ ತೀಡಿದಳು. ಹಿಂದಿನ ದಿನವೇ ಶ್ರೀನಿವಾಸಪುರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳಂತೆ. 'ಶ್ರೀನಿವಾಸಪ್ಪ, ಯಲ್ದೂರು' ಅಂತ ದಪ್ಪಕ್ಷರದಲ್ಲಿತ್ತು.

"ಇದೇನಮ್ಮ?"

"ನಿಮ್ಮ ಹೆಸರಪ್ಪ. ಸಾಮಾನು ನಿಮ್ಮದು, ಹೆಸರೂ ನಿಮ್ಮದೇ ಇರ್ಲಿ. ಬೋರ್ಡಿನವನಿಗೂ ಹೇಳಿದ್ದೀನಿ, ಬದಲಾಯಿಸಿ ಕೊಡ್ತಾನೆ."

ಭಾವ ನಕ್ಕ. ನಗು ಅರ್ಧಕ್ಕೇ ನಿಂತಿತು. ಗಾಜಿನ ಹತ್ತಿರ ಹೋಗಿ ತನ್ನ ಹೆಸರನ್ನು ಓದಿಕೊಂಡ. ಉಗುರಿನಿಂದ ಒಂದು ಮೂಲೆ ಕೆರೆದ, ಸ್ಟಿಕರ್ ಬಿಡಲಿಲ್ಲ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಚಂದ್ರು ತನ್ನ ತೆಲುಗಿನಲ್ಲಿ 'ವಚ್ಚೇಸ್ತುನ್ನಾನಯ್ಯಾ' ಅನ್ನುತ್ತಿದ್ದದ್ದು ನಮಗೂ ಕೇಳಿಸಿತು, ಬಂದೇಬಿಟ್ಟೆ ಅಂತ. ಭಾವ ಫೋನು ಇಟ್ಟವನೇ ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದು ಮಗಳ ಕೈಗೆ ತುರುಕಿದ.

"ರಂಜಿ, ಅದನ್ನ ಬಿಚ್ಚು. ನಿನ್ನ ಕಂಪ್ಯೂಟರ್ ಒಳಗಿರೋ ಒಳ್ಳೇದನ್ನ ತೆಗೆದು ಇದಕ್ಕೆ ಹಾಕು."

"ಯಾಕಪ್ಪ?"

"ಹಾಕು ಅಂದ್ನಲ್ಲ. ಬೇಗ."

"ತಳ ಯಾರೂ ನೋಡಲ್ಲ ಅಂದ್ರಲ್ಲ."

"ಅದು ನಾಳೆ ಸುಟ್ಟೋದ್ರೆ? ಮಂಡಿಯಲ್ಲೆಲ್ಲ ಹೇಳ್ಕೊಂಡು ಬರ್ತಾನೆ ಅವನು. ನನ್ನ ಹೆಸರು ಐತೆ ಕಣೇ ಅದರ ಮೇಲೆ."

ಹುರುಳಿಕಾಯಿ ಬಿಡಿಸುವ ಶಬ್ದ ನಿಂತಿತು. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದಳು. ಗಂಡನನ್ನು ಅವಳು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಹಂಗಾದ್ರೆ ನಿಮಗೆ ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ಹೆಸರಿಗೆ ಏನಾಗುತ್ತೆ ಅಂತ. ನಿಮಗೆ ತಿಳಿಯಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಅದನ್ನೇ ಹೇಳ್ಕೊಂಡು ಸಮಾಧಾನ ಮಾಡ್ಕೊಂಡೆ."

ಭಾವ ಸ್ಟಿಕರಿನ ಮೂಲೆಯನ್ನು ಮತ್ತೆ ಉಗುರಿನಿಂದ ಕೆರೆಯತೊಡಗಿದ. ಅಕ್ಕ ಅಳಲಿಲ್ಲ, ಕೂಗಾಡಲೂ ಇಲ್ಲ. ಇನ್ನು ಮೇಲೆ ನನ್ನ ಹೆಸರಿನಲ್ಲಿ ಒಂದು ಕಾಯೂ ಮಂಡಿಗೆ ಹೋಗಕೂಡದು ಅಂದಳು, ಹೋದರೆ ನಾನೇ ಮಂಡಿಗೆ ಬಂದು ಕ್ರೇಟು ಬೋರಲು ಹಾಕುತ್ತೇನೆ ಅಂದಳು. ಮಾಡುತ್ತಾಳೆ ಅಂತ ಅವನಿಗೂ ಗೊತ್ತಾಗಿರಬೇಕು. ರಂಜಿತ ತನ್ನ ಕಂಪ್ಯೂಟರಿನಿಂದ ಒಳ್ಳೆಯ ಎಸ್‌ಎಂಪಿಎಸ್ ಬಿಚ್ಚಿ ಚಂದ್ರುವಿನದಕ್ಕೆ ಹಾಕಿದಳು. ಚಂದ್ರು ಬಂದ, ದೀಪ ನೋಡಿದ, ಸ್ಟಿಕರ್ ಓದಿ 'ಶ್ರೀನಿವಾಸಪ್ಪನ ಮಾಲು ಅಂದ್ಮೇಲೆ ನೋಡೋದೇನಿದೆ' ಅಂತ ಹೊಗಳಿ, ಹೊತ್ತುಕೊಂಡು ಹೋದ. ಆ ಹೊಗಳಿಕೆಗೂ ನಮ್ಮ ಭಾವ ಎದೆಯುಬ್ಬಿಸಿದ. ಮಗಳ ಕಂಪ್ಯೂಟರು ಹೊಟ್ಟೆ ಬಗೆದ ಹಾಗೆ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು.

ಗೇಮಿಂಗ್ ಕಂಪ್ಯೂಟರಿನ ವ್ಯಾಪಾರ ಅಲ್ಲಿಗೇ ಮುಗಿಯಿತು. ತನ್ನ ಹೆಸರಿನಲ್ಲಿ ಒಳ್ಳೆಯದನ್ನೇ ಹಾಕಿ ಮಾರಿದರೆ ಏನೂ ಗಿಟ್ಟುವುದಿಲ್ಲ ಅಂತ ಭಾವ ಕೈ ತೊಳೆದುಕೊಂಡ. ಆ ಮೂಟೆಯನ್ನು ಯಾರ ತಲೆಗೆ ಕಟ್ಟಿದನೋ, ಅವರ ಪುಣ್ಯ. ರಂಜಿತ ಮೆಲ್ಲಗೆ ಮತ್ತೊಂದು ಒಳ್ಳೆಯ ಎಸ್‌ಎಂಪಿಎಸ್ ತರಿಸಿಕೊಂಡು ತನ್ನದನ್ನು ಸರಿಮಾಡಿಕೊಂಡಳು. ಈಗಲೂ ಯಾರಾದರೂ ಬಂದು ಕೇಳಿದರೆ ಎದುರಿಗೆ ಕೂರಿಸಿಕೊಂಡು ಜೋಡಿಸಿ ಕೊಡುತ್ತಾಳೆ, ಬೋರ್ಡಿಲ್ಲ.

ಈ ಸುಗ್ಗಿಯಲ್ಲಿ ಮನೆಗೆ ಹಣ್ಣು ತರೋಣ ಅಂತ ನಾನು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ಶ್ರೀನಿವಾಸಪ್ಪನ ಲಾಟು ಎಂದಿನಂತೆ ಒಳ್ಳೆಯ ಬೆಲೆಗೆ ಹೋಯಿತು. ಆಂಜಿನಮ್ಮ ಅಂತ ಕೂಗಲಿಲ್ಲ. ಸದ್ಯ, ಅಷ್ಟಾಯಿತು ಅಂದುಕೊಂಡೆ. ಹರಾಜಿನವನು ಮುಂದಿನ ಕ್ರೇಟುಗಳ ಹತ್ತಿರ ಹೋಗಿ, 'ಮುನಿಗಂಗಮ್ಮ, ಯಲ್ದೂರು' ಅಂದ. ಮೇಲಿನ ಸಾಲಿನಲ್ಲಿ ಕೆನ್ನೆ ಕೆಂಪಾದ ದಪ್ಪ ಕಾಯಿ. ಚಿತ್ತೂರಿನ ಕಡೆಯ ಒಬ್ಬ ವ್ಯಾಪಾರಿ ತಳಕ್ಕೆ ಕೈ ಹಾಕಿ ಒಂದನ್ನು ತೆಗೆದು, ಮೂಸಿ, ಮೋರಿಗೆ ಎಸೆದ.

ಮುನಿಗಂಗಮ್ಮ ಭಾವನ ತಾಯಿ. ಆ ತೋಟದ ಒಂದೊಂದು ಗಿಡಕ್ಕೂ ಸೊಂಟದ ಮೇಲೆ ಬಿಂದಿಗೆ ಹೊತ್ತು ನೀರು ಹಾಕಿ ಬೆಳೆಸಿದವಳು. ತೀರಿಕೊಂಡು ವರ್ಷಗಳಾದವು. ಭಾವ ಕಂಬಕ್ಕೆ ಒರಗಿ ನಿಂತಿದ್ದ. ಇದೇನು ಭಾವ ಅಂದೆ.

"ಅಮ್ಮನ ಹೆಸರಲ್ಲೂ ನಾಲ್ಕು ಕ್ರೇಟು ಹೋಗ್ಲಿ ಬಿಡು," ಅಂದ.

ಅವಳು ಎದ್ದು ಬಂದು ಕೇಳುವುದಿಲ್ಲ ಅನ್ನುವುದನ್ನು ಅವನು ಲೆಕ್ಕ ಹಾಕಿಯೇ ಇಟ್ಟುಕೊಂಡಿದ್ದ.